ಎಂಜಿನ್ ಜೋಡಿಸಿದ ಮೇಲೆ ಉಳಿದ ವಾಶರ್ ಎಲ್ಲಿಯದು?

ಬೈಕಿನ ಎಂಜಿನ್ ಜೋಡಿಸಿ ಮುಗಿಸಿದ ಮೇಲೆ ತಟ್ಟೆಯಲ್ಲಿ ಒಂದೆರಡು ವಾಶರ್ ಉಳಿದರೆ, ಕಂಪನಿಯವರೇ ಹೆಚ್ಚಿಗೆ ಹಾಕಿರುತ್ತಾರೆ ಎಂದು ನಕ್ಕು ಕಿಕ್ ಹೊಡೆಯುವವರನ್ನು ಬೆಳಗಾವಿಯ ಗ್ಯಾರೇಜುಗಳಲ್ಲಿ ಬಹಳ ಕಂಡಿದ್ದೇನೆ. ಕಂಪನಿ ಹಾಗೆ ಹಾಕುವುದಿಲ್ಲ. ಎಂಜಿನ್ ಚಾಲೂ ಮಾಡುವ ಮೊದಲೇ ಅದರ ಜಾಗವನ್ನು ಪತ್ತೆ ಹಚ್ಚಬೇಕು.

ಉಳಿದ ಭಾಗವನ್ನು ಕೂಡಲೇ ಪೆಟ್ರೋಲಿನಲ್ಲಿ ತೊಳೆಯಬೇಡಿ. ಅದರ ಮೇಲಿನ ಕೊಳೆಯೇ ಮೊದಲ ಸಾಕ್ಷಿ: ಕಪ್ಪು ಎಣ್ಣೆ ಹತ್ತಿದ್ದರೆ ಒಳಗಿನದು, ಒಣ ಧೂಳು ಅಥವಾ ತುಕ್ಕು ಇದ್ದರೆ ಹೊರಗಿನದು. ಹೊಚ್ಚ ಹೊಸದಾಗಿದ್ದರೆ ಹೆಚ್ಚಾಗಿ ಚಿಂತೆಯಿಲ್ಲ. ಹಲವು ಮಾಡೆಲ್‌ಗಳಿಗೆ ಒಂದೇ ಗ್ಯಾಸ್ಕೆಟ್ ಕಿಟ್ (ಸೋರಿಕೆ ತಡೆಯುವ ಪದರ, ಉಂಗುರಗಳ ಕಟ್ಟು) ಮಾರುವುದರಿಂದ ರಬ್ಬರಿನ ಓ-ರಿಂಗ್‌ಗಳು ಉಳಿಯುತ್ತವೆ. ಆದರೂ ಅದರ ಜೋಡಿಯಾದ ಹಳೆಯದನ್ನು ನೀವು ಬಿಚ್ಚಿದ್ದಿರೋ ಇಲ್ಲವೋ ನೋಡಿಕೊಳ್ಳಿ.

ಜನ ಎಡವುವುದು ವಾಶರ್‌ನಲ್ಲಿ. ಅದನ್ನು ಬಿಸಿಲಿಗೆ ಓರೆಯಾಗಿ ಹಿಡಿದು ಎರಡೂ ಮುಖ ನೋಡಬೇಕು. ಬೋಲ್ಟಿನ ತಲೆಯ ಕೆಳಗಿದ್ದ ವಾಶರ್‌ನ ಮೇಲೆ ಬಿಗಿಯುವಾಗ ಎದ್ದ ಒರಟು ಗೀರುಗಳು ಇರುತ್ತವೆ. ಗೇರು ಪಕ್ಕಕ್ಕೆ ಸರಿಯದಂತೆ ತಡೆಯುವ, ಅದರ ಪಕ್ಕದಲ್ಲಿದ್ದ ಥ್ರಸ್ಟ್ ವಾಶರ್‌ನ ಒಂದು ಮುಖದಲ್ಲಾದರೂ ಕನ್ನಡಿಯಂತೆ ಹೊಳೆಯುವ ಉಂಗುರ ಮೂಡಿರುತ್ತದೆ, ಆ ಉಂಗುರದ ಹೊರ ಅಳತೆ ಯಾವ ಗೇರಿನ ನಡುಭಾಗವಾದ ಹಬ್‌ಗೆ ಹೊಂದುತ್ತದೆಯೋ ಅದರ ನೆರೆಯೇ ಅದರ ಜಾಗ. ಒಳ ಅಂಚಿನಲ್ಲಿ ಹಲ್ಲುಗಳಿದ್ದರೆ ಅದು ಸ್ಪ್ಲೈನ್ (ಉದ್ದುದ್ದ ಹಲ್ಲುಗಳು) ಇರುವ ಶಾಫ್ಟಿನದು, ಬಹುತೇಕ ಶಾಫ್ಟಿನ ತೋಡಿನಲ್ಲಿ ಕೂರುವ ಬಾಯಿ ಬಿಟ್ಟ ಉಂಗುರವಾದ ಸರ್‌ಕ್ಲಿಪ್‌ನ ಪಕ್ಕದ್ದು. ಬಳಿಕ ಅಳತೆಯ ಸಾಧನವಾದ ವರ್ನಿಯರ್‌ನಿಂದ ಒಳವ್ಯಾಸ, ಹೊರವ್ಯಾಸ, ದಪ್ಪ ಮೂರನ್ನೂ ಅಳೆದು ಕಂಪನಿಯ ಬಿಡಿಭಾಗಗಳ ಕ್ಯಾಟಲಾಗಿನ ಬಿಡಿಚಿತ್ರದೊಂದಿಗೆ ಹೋಲಿಸಿ. ದಪ್ಪವನ್ನು ಕಣ್ಣಂದಾಜಿಗೆ ಬಿಡಬೇಡಿ, 0.5 ಮಿ.ಮೀ. ವಾಶರ್ ಇರಬೇಕಾದಲ್ಲಿ 1 ಮಿ.ಮೀ.ನದು ಕೂತರೆ ಶಾಫ್ಟ್ ಬಿಗಿಯುತ್ತದೆ. ಕಳೆದುಹೋದ ಥ್ರಸ್ಟ್ ವಾಶರ್‌ಗೆ ಬದಲಾಗಿ ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದ ಲೇಥ್‌ನಲ್ಲಿ ಮೆತ್ತನೆಯ ಉಕ್ಕಿನದೊಂದನ್ನು ಕೊರೆಸಿ ಹಾಕುವ ಚಾಳಿಯೂ ಇದೆ. ಅದು ಬೇಗ ಸವೆದು ಅದರ ಪುಡಿ ಎಣ್ಣೆಗೆ ಸೇರುತ್ತದೆ. ಮೂಲ ಭಾಗವನ್ನೇ ತರಿಸಿ.

ಬೇರೆ ಭಾಗಗಳನ್ನು ಗುರುತಿಸುವುದು ಸುಲಭ. ಟೊಳ್ಳು ಡೋವೆಲ್ ಪಿನ್ (ಎರಡು ಭಾಗಗಳನ್ನು ನೇರವಾಗಿ ಕೂರಿಸುವ ಮೊಳೆ) ಎಂಜಿನ್ನಿನ ಹೊರಕವಚದ ಎರಡು ಕೇಸುಗಳ ನಡುವಿನದು ಅಥವಾ ಸಿಲಿಂಡರ್ ಬುಡದ್ದು. ಅರ್ಧಚಂದ್ರಾಕಾರದ ಕೀ ಮ್ಯಾಗ್ನೆಟ್ಟಿನದು, ಅದಿಲ್ಲದಿದ್ದರೆ ಇಗ್ನಿಷನ್ ಟೈಮಿಂಗ್ (ಕಿಡಿ ಹಾರುವ ಹೊತ್ತು) ಕೆಡುತ್ತದೆ. ಪುಟ್ಟ ಉಕ್ಕಿನ ಗೋಲಿ ಉಳಿದರೆ ಕ್ಲಚ್ಚನ್ನು ಒತ್ತಿ ಬಿಡಿಸುವ ಪುಶ್ ರಾಡ್ ನೋಡಿ. ತಾಮ್ರದ ವಾಶರ್ ಎಣ್ಣೆ ಸೋರದಂತೆ ತಡೆಯುವ ಬೋಲ್ಟ್ ಅಥವಾ ಸ್ಟಡ್‌ನದು. ಪಿಸ್ಟನ್ ಪಿನ್ನಿನ ಕ್ಲಿಪ್ ಅಥವಾ ವಾಲ್ವನ್ನು ಸ್ಪ್ರಿಂಗಿಗೆ ಹಿಡಿದಿಡುವ ಕಾಲೆಟ್ ಉಳಿದಿದ್ದರೆ ಸಿಲಿಂಡರ್ ಹೆಡ್ ಇಳಿಸದೆ ಗತಿಯಿಲ್ಲ.

ಇಷ್ಟಾದರೂ ಅನುಮಾನ ಉಳಿದರೆ, ಪ್ಲಗ್ ತೆಗೆದು ಕ್ರ್ಯಾಂಕನ್ನು ಕೈಯಿಂದ ನಿಧಾನವಾಗಿ ಎರಡು ಪೂರ್ಣ ಸುತ್ತು ತಿರುಗಿಸಿ, ಸ್ಪ್ರಾಕೆಟ್ ತಿರುಗಿಸುತ್ತ ಎಲ್ಲ ಗೇರುಗಳನ್ನೂ ಹಾಕಿ ನೋಡಿ. ಸ್ಪ್ರಾಕೆಟ್ ಶಾಫ್ಟನ್ನು ಹಿಡಿದು ಒಳಗೆ ಹೊರಗೆ ಎಳೆದಾಗ ಸ್ವಲ್ಪ ಸಡಿಲವಿರುವುದು ಸಹಜ. ಟಕ್ ಎಂದು ಬಡಿದರೆ ಒಳಗೊಂದು ವಾಶರ್ ಇಲ್ಲವೆಂದೇ ತಿಳಿಯಿರಿ.

ಅದನ್ನು ಹಾಕಲು ಎಂಜಿನ್ ಮತ್ತೆ ಬಿಚ್ಚುವಾಗ, ಕೊನೆಗೆ ಹಾಕಿದ ಕವರಿನಿಂದ ಹಿಂದಕ್ಕೆ ಹೋಗಿ. ಕ್ಲಚ್ ಬದಿಯಲ್ಲೇ ಜಾಗ ಸಿಕ್ಕರೆ ಕೇಸು ಬೇರ್ಪಡಿಸುವ ಕೆಲಸ ತಪ್ಪುತ್ತದೆ. ಮತ್ತೆ ಮುಚ್ಚುವಾಗ ಹೊಸ ಪೇಪರ್ ಗ್ಯಾಸ್ಕೆಟ್ಟನ್ನೇ ಬಳಸಿ. ಸಿಲಿಕೋನ್ ಪೇಸ್ಟನ್ನು ದಪ್ಪಗೆ ಮೆತ್ತಿದರೆ ಒಳಗೆ ಉಬ್ಬಿದ ಅಂಚು ಕಿತ್ತು ಎಣ್ಣೆಯ ಜಾಲರಿಗೆ ಅಂಟುತ್ತದೆ.