ಪ್ಲಾಸ್ಟಿಕ್ ಮೇಲೆ ಪ್ಯಾರಿಲೀನ್: ನಿಧಾನವೇ ಒಳ್ಳೆಯದು

ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್‌ನ ಬಿಡಿಭಾಗಗಳಿಗೆ ಪ್ಯಾರಿಲೀನ್ ಸಿ ಎಂಬ ಪಾಲಿಮರ್‌ನ ರಕ್ಷಣಾ ಲೇಪನ ಮಾಡುವುದು ನನ್ನ ಕೆಲಸ. ಪದರ ಕೆಲವೇ ಮೈಕ್ರಾನ್ ದಪ್ಪ. ದ್ರಾವಕ ಬೇಡ, ಬ್ರಶ್ ಬೇಡ. ನಿರ್ವಾತದಲ್ಲಿ ಆವಿಯಾಗಿ ಬಂದು, ಮೂಲೆ ಸಂದಿಗಳಿಗೂ ನುಗ್ಗಿ ಕೂರುತ್ತದೆ.

ಇದರ ಕಚ್ಚಾವಸ್ತು ಡೈಮರ್, ಅಂದರೆ ಎರಡು ಘಟಕ ಜೋಡಿಯಾಗಿರುವ ಅಣುಗಳ ಬಿಳಿ ಪುಡಿ. ಅದು ಸುಮಾರು 150 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆವಿಯಾಗುತ್ತದೆ. ಮುಂದಿನ ಕುಲುಮೆಯಲ್ಲಿ 680 ಡಿಗ್ರಿ ಆಸುಪಾಸು. ಅಲ್ಲಿ ಒಂದೊಂದು ಡೈಮರ್ ಎರಡಾಗಿ ಒಡೆಯುತ್ತದೆ. ಆ ತುಣುಕುಗಳು ಬಿಡಿಭಾಗಗಳನ್ನಿಟ್ಟ ಚೇಂಬರ್‌ಗೆ ಬಂದು, ಅಲ್ಲಿನ ಮೇಲ್ಮೈಗೆ ಅಂಟಿ, ಸರಪಳಿಯಾಗಿ ಬೆಳೆಯುತ್ತವೆ. ಚೇಂಬರ್ ಮಾತ್ರ ಕೋಣೆಯಷ್ಟೇ ತಣ್ಣಗಿರುತ್ತದೆ. ಪ್ಲಾಸ್ಟಿಕ್‌ಗೆ ಇದು ಒಗ್ಗುವುದೇ ಅದಕ್ಕೆ. ಬಿಸಿ ಮಾಡಿದರೆ ಪದರ ಬೇಗ ಬೆಳೆಯುತ್ತದೆ ಅನಿಸಬಹುದು, ಅಲ್ವಾ? ಇಲ್ಲಿ ಉಲ್ಟಾ. ಮೇಲ್ಮೈ ಬಿಸಿಯಾದಷ್ಟೂ ಆವಿ ಅಲ್ಲಿ ನಿಲ್ಲುವುದಿಲ್ಲ. 90 ಡಿಗ್ರಿ ದಾಟಿದರೆ ಪ್ಯಾರಿಲೀನ್ ಸಿ ಹೆಚ್ಚುಕಡಿಮೆ ಕೂರುವುದೇ ಇಲ್ಲ.

ನಾನು ಕಣ್ಣಿಟ್ಟು ಕಾಯುವುದು ಚೇಂಬರ್‌ನ ಒತ್ತಡವನ್ನು. 25ರಿಂದ 35 ಮಿಲಿಟಾರ್ (ನಿರ್ವಾತದಲ್ಲಿ ಒತ್ತಡ ಅಳೆಯುವ ಮಾನ) ನಡುವೆ ಹಿಡಿದಿಡುತ್ತೇನೆ. ಅದರ ಲಗಾಮು ಇರುವುದು ಪುಡಿಯನ್ನು ಆವಿ ಮಾಡುವ ತಾಪದಲ್ಲಿ. ಅದನ್ನು ಗಡಿಬಿಡಿಯಲ್ಲಿ ಏರಿಸಿದರೆ ಆವಿ ಒಮ್ಮೆಲೇ ನುಗ್ಗುತ್ತದೆ. ಪದರ ಬೇಗ ಬೆಳೆಯುತ್ತದೆ ನಿಜ. ಆದರೆ ಕುಲುಮೆಯಲ್ಲಿ ಪೂರ್ತಿ ಒಡೆಯದ ಡೈಮರ್ ಕೂಡ ಬಂದು ಸೇರಿಕೊಳ್ಳುತ್ತದೆ. ಮೇಲ್ಮೈ ಒರಟಾಗುತ್ತದೆ. ಗಾಜಿನಂತೆ ಹೊಳೆಯಬೇಕಾದ ತುಂಡು ಹಾಲು ಬೆರೆಸಿದ ನೀರಿನಂತೆ ಮಬ್ಬಾಗುತ್ತದೆ. ಕಿರಿದಾದ ಸಂದಿಯ ಬಾಯಲ್ಲಿ ಜಾಸ್ತಿ, ಒಳಗೆ ಕಡಿಮೆ ಕೂರುತ್ತದೆ. ಆದ್ದರಿಂದ ತಾಪವನ್ನು ಹಂತ ಹಂತವಾಗಿ ಏರಿಸುತ್ತೇನೆ. ಒತ್ತಡ ಮಿತಿ ಮುಟ್ಟಿದರೆ ಏರಿಕೆ ನಿಲ್ಲಿಸುತ್ತೇನೆ. ಇಡೀ ದಿನ ಹಿಡಿದರೂ ಪರವಾಗಿಲ್ಲ. ದಪ್ಪ ಎಷ್ಟು ಬರಬೇಕು ಅನ್ನುವುದು ಹಾಕಿದ ಪುಡಿಯ ತೂಕದ ಮೇಲೆ ನಿಂತಿದೆ, ಆತುರದ ಮೇಲಲ್ಲ.

ಪ್ಲಾಸ್ಟಿಕ್ ತೇವ ಹೀರಿಕೊಂಡಿರುತ್ತದೆ. ಒಣಗಿಸದೆ ಒಳಗಿಟ್ಟರೆ ಆ ತೇವವೇ ಹೊರಬಂದು ಒತ್ತಡದ ಲೆಕ್ಕ ಕೆಡಿಸುತ್ತದೆ. ಅದಕ್ಕೇ ಮೊದಲು ಒಣಗಿಸುತ್ತೇನೆ.

ಇನ್ನು ಅಂಟು. ಪ್ಯಾರಿಲೀನ್ ತಾನಾಗಿ ಪ್ಲಾಸ್ಟಿಕ್ ಜೊತೆ ಗಟ್ಟಿ ಬಂಧ ಕಟ್ಟುವುದಿಲ್ಲ. ಮೊದಲು ಆಕ್ಸಿಜನ್ ಪ್ಲಾಸ್ಮಾ (ವಿದ್ಯುತ್ತಿನಿಂದ ಚುರುಕುಗೊಳಿಸಿದ ಆಮ್ಲಜನಕ ಅನಿಲ) ಕೊಟ್ಟು, ಆಮೇಲೆ ಎ-174 ಸೈಲೇನ್ ಎಂಬ ಅಂಟು ಹೆಚ್ಚಿಸುವ ರಾಸಾಯನಿಕ ಹಚ್ಚುತ್ತೇನೆ. ಪ್ಲಾಸ್ಮಾ ಮೇಲ್ಮೈಯಲ್ಲಿ ಆಮ್ಲಜನಕದ ಗುಂಪುಗಳನ್ನು ಕೂರಿಸುತ್ತದೆ, ಸೈಲೇನ್ ಅವುಗಳನ್ನು ಹಿಡಿದುಕೊಳ್ಳುತ್ತದೆ. ಪ್ಲಾಸ್ಮಾದ ಪರಿಣಾಮ ದಿನ ಕಳೆದಂತೆ ಮಾಸುವುದರಿಂದ ಪ್ಲಾಸ್ಮಾ ಆದ ತುಂಡನ್ನು ಸುಮ್ನೆ ಕಪಾಟಿನಲ್ಲಿ ಇಡುವುದಿಲ್ಲ.

ಪ್ರತಿ ಬ್ಯಾಚಿನಲ್ಲೂ ಪಕ್ಕದಲ್ಲಿ ಒಂದು ಗಾಜಿನ ಸ್ಲೈಡ್ ಇಡುತ್ತೇನೆ. ದಪ್ಪ ಅಳೆಯುವುದು ಅದರ ಮೇಲೆ. ಅಂಟು ಪರೀಕ್ಷೆ ಮಾತ್ರ ಅದೇ ಪಾಲಿಕಾರ್ಬೊನೇಟ್‌ನ ಚೂರಿನ ಮೇಲೇ ಆಗಬೇಕು: ಬ್ಲೇಡಿನಿಂದ ಚೌಕ ಗೀರಿ, ಟೇಪ್ ಒತ್ತಿ ಎಳೆಯುವುದು. ಗಾಜಿನ ಮೇಲೆ ಗಟ್ಟಿಯಾಗಿ ನಿಂತ ಪದರ ಪ್ಲಾಸ್ಟಿಕ್ ಮೇಲೂ ನಿಲ್ಲುತ್ತದೆ ಎಂದು ನಂಬುವ ಹಾಗಿಲ್ಲ.