ಮುಕ್ತ ತಂತ್ರಾಂಶದ ದಾಖಲೆಯನ್ನು ಸುಸ್ಥಿತಿಯಲ್ಲಿಡುವ ಬಗೆ

ಯಾರು ಬೇಕಾದರೂ ಕೋಡನ್ನು ನೋಡಿ ತಿದ್ದಬಹುದಾದ ಮುಕ್ತ ತಂತ್ರಾಂಶಕ್ಕೆ ಕೊಡುಗೆ ನೀಡಬಯಸುವ ಹುಬ್ಬಳ್ಳಿ-ಧಾರವಾಡದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮೊದಲು ತೆರೆಯುವುದು ಯೋಜನೆಯನ್ನು ಪರಿಚಯಿಸುವ ರೀಡ್‌ಮಿ ಕಡತವನ್ನು; ಅಲ್ಲಿನ ಇನ್‌ಸ್ಟಾಲ್ ಕಮಾಂಡ್ ಹಳತಾಗಿದ್ದರೆ ಅವರ ಉತ್ಸಾಹ ಅಲ್ಲಿಗೇ ಕುಗ್ಗುತ್ತದೆ. ಆದ್ದರಿಂದ ದಾಖಲೆಯನ್ನು, ಎಂದರೆ ತಂತ್ರಾಂಶದ ಬಳಕೆಯ ವಿವರಣೆಯನ್ನು, ಕೋಡಿನ ಜೊತೆಗೇ, ಅದೇ ಗಿಟ್ ರೆಪಾಸಿಟರಿಯಲ್ಲಿ (ಕಡತಗಳ ಪ್ರತಿ ಬದಲಾವಣೆಯನ್ನೂ ಗುರುತಿಟ್ಟುಕೊಳ್ಳುವ ಸಂಗ್ರಹದಲ್ಲಿ), ಮಾರ್ಕ್‌ಡೌನ್‌ನಂತಹ ಸರಳ ಪಠ್ಯರೂಪದಲ್ಲಿ ಇರಿಸಬೇಕು. ಒಂದು ಸೌಲಭ್ಯವನ್ನು ಬದಲಿಸುವ ಪುಲ್ ರಿಕ್ವೆಸ್ಟ್‌ನಲ್ಲಿಯೇ (ಬದಲಾವಣೆಯನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆಯಲ್ಲಿಯೇ) ಅದರ ವಿವರಣೆಯ ತಿದ್ದುಪಡಿಯೂ ಇರಬೇಕೆಂಬ ನಿಯಮವನ್ನು, ಕೊಡುಗೆದಾರರಿಗೆ ಸೂಚನೆಗಳಿರುವ ಕಾಂಟ್ರಿಬ್ಯೂಟಿಂಗ್ ಕಡತದಲ್ಲಿ ಬರೆದಿಟ್ಟು, ಪರಿಶೀಲಕರು ಅದನ್ನು ಸಡಿಲಿಸದೆ ಪಾಲಿಸಬೇಕು. ಉಳಿದೆಲ್ಲ ನಿಯಮಗಳಿಗಿಂತ ಇದೇ ಮುಖ್ಯವೆಂದು ನಾನು ನಂಬಿದ್ದೇನೆ.

ಪ್ರತಿ ಬಿಡುಗಡೆಗೆ ಮುನ್ನ, ಯೋಜನೆಗೆ ಹೊಸಬರಾದ ಒಬ್ಬರಿಂದ, ಏನನ್ನೂ ಇನ್‌ಸ್ಟಾಲ್ ಮಾಡಿರದ ಕಂಪ್ಯೂಟರಿನಲ್ಲಿ, ಮೊದಲ ಪುಟದಿಂದ ಪ್ರತಿ ಕಮಾಂಡನ್ನೂ ಬರೆದಿರುವಂತೆಯೇ ಟೈಪ್ ಮಾಡಿಸಿ ನೋಡಬೇಕು. ಅವರು ತಡವರಿಸಿದ ಕಡೆಗಳನ್ನೆಲ್ಲ ಇಶ್ಯೂಗಳಾಗಿ (ಬಗೆಹರಿಸಬೇಕಾದ ಸಮಸ್ಯೆಗಳಾಗಿ) ದಾಖಲಿಸಿ, ಸುಲಭವಾದವುಗಳಿಗೆ ‘ಗುಡ್ ಫಸ್ಟ್ ಇಶ್ಯೂ’ ಎಂಬ ಲೇಬಲ್ ಹಚ್ಚಿದರೆ ಮುಂದೆ ಬರುವವರಿಗೆ ಕೈಗೆಟಕುವ ಕೆಲಸ ಸಿಗುತ್ತದೆ. ಮುರಿದ ಲಿಂಕುಗಳ ಪತ್ತೆಯನ್ನು ಸ್ವಯಂಚಾಲಿತ ಪರೀಕ್ಷೆಗೆ ಬಿಡಬಹುದು.

ಕನ್ನಡ ಅನುವಾದಕ್ಕೆ ಹೆಚ್ಚಿನ ಎಚ್ಚರ ಬೇಕು. ಮೂಲದ ಯಾವ ಕಮಿಟ್‌ನಿಂದ (ಗಿಟ್‌ನಲ್ಲಿ ಉಳಿಸಿದ ಯಾವ ಆವೃತ್ತಿಯಿಂದ) ಅನುವಾದಿಸಲಾಗಿದೆ ಎಂಬುದನ್ನು ಪ್ರತಿ ಪುಟದ ಆರಂಭದಲ್ಲಿ ನಮೂದಿಸಿದರೆ, ಅನಂತರದ ಬದಲಾವಣೆಗಳನ್ನು ಎರಡು ಆವೃತ್ತಿಗಳನ್ನು ಹೋಲಿಸುವ ಗಿಟ್ ಡಿಫ್ ಕಮಾಂಡ್ ತೋರಿಸಿಕೊಡುತ್ತದೆ. ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟುಗಳಲ್ಲಿ (ಆ ಫಾಂಟ್ ಇದ್ದರಷ್ಟೇ ಕನ್ನಡವಾಗಿ ಕಾಣುವಂಥವು) ಬಂದ ಪಠ್ಯವನ್ನು, ಎಲ್ಲೆಡೆ ಓದಬಲ್ಲ ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರಗಳನ್ನು ಓದಿ ತಿದ್ದಿದ ಬಳಿಕವೇ ಸೇರಿಸಬೇಕು.