ನೆಲದ ಮೇಲೊಂದು ಚೌಕ

ಏಳನೇ ತರಗತಿಗೆ ಗ್ರೀಕ್ ತತ್ವಶಾಸ್ತ್ರ ಹೇಳಿಕೊಡಲು ಮೊದಲ ವರ್ಷ ನಾನು ಹೋದದ್ದು ಹೆಸರುಗಳ ಪಟ್ಟಿ ಹಿಡಿದು. ಥೇಲೀಸ್, ಸಾಕ್ರಟೀಸ್, ಪ್ಲೇಟೊ, ಅರಿಸ್ಟಾಟಲ್. ಯಾರಿಗೆ ಯಾರು ಗುರು ಎಂದು ಮಕ್ಕಳು ಉರುಹೊಡೆದು ಒಪ್ಪಿಸಿದರು. ಪರೀಕ್ಷೆ ಮುಗಿದ ವಾರಕ್ಕೆ ಎಲ್ಲ ಮರೆತಿತ್ತು.

ಮರುವರ್ಷ ಸೀಮೆಸುಣ್ಣ ತಗೊಂಡು ನೆಲದ ಮೇಲೆ ಎರಡಡಿ ಬಾಹುವಿನ ಚೌಕ ಬರೆದೆ. ‘ಇದರ ದುಪ್ಪಟ್ಟು ವಿಸ್ತೀರ್ಣದ ಚೌಕ ಬೇಕು. ಬಾಹು ಎಷ್ಟಿರಬೇಕು?’ ಪ್ಲೇಟೊ ಬರೆದ ‘ಮೆನೊ’ ಸಂವಾದದಲ್ಲಿ ಸಾಕ್ರಟೀಸ್ ಒಬ್ಬ ಗುಲಾಮ ಹುಡುಗನಿಗೆ ಕೇಳುವ ಪ್ರಶ್ನೆ ಇದು. ಆದರೆ ಅದನ್ನು ಆಗ ಬಾಯಿಬಿಡಲಿಲ್ಲ.

‘ನಾಲ್ಕಡಿ ಮಿಸ್!’ ಇಡೀ ತರಗತಿಗೆ ಒಂದೇ ದನಿ. ತಪ್ಪು ಅನ್ನದೆ, ಬರೆದು ನೋಡಿ ಅಂದೆ. ಬರೆದರು, ಒಳಗೆ ಒಂದೊಂದಡಿಯ ಮನೆ ಹಾಕಿ ಎಣಿಸಿದರು. ಎಂಟು ಬರಬೇಕಾದಲ್ಲಿ ಹದಿನಾರು. ಹಾಗಾದರೆ ಮೂರಡಿ? ಒಂಬತ್ತು. ಆಮೇಲೆ ಸದ್ದಿಲ್ಲ. ಆ ಹುಡುಗನೂ ಇವೇ ಎರಡು ತಪ್ಪನ್ನು ಇದೇ ಕ್ರಮದಲ್ಲಿ ಮಾಡಿದ್ದ ಎಂಬುದು ನೆನಪಾಗಿ ನನಗೆ ಮೈ ಜುಂ ಎಂದಿತು.

ಆ ಮೌನದಲ್ಲಿ ಸುಮ್ಮನೆ ನಿಲ್ಲುವುದೇ ಕಷ್ಟ. ಉತ್ತರ ನಾಲಿಗೆಯ ತುದಿಯಲ್ಲಿರುತ್ತದೆ. ಮುಟ್ಟಿದವರನ್ನು ಮರಗಟ್ಟಿಸುವ ಮೀನಿನ ಹಾಗೆ ನೀನು ಎಂದು ಆ ಹುಡುಗನ ಒಡೆಯ ಮೆನೊ ಸಾಕ್ರಟೀಸನನ್ನು ದೂರುತ್ತಾನೆ. ಮರಗಟ್ಟಿದ್ದರಿಂದ ಹುಡುಗನಿಗೆ ನಷ್ಟವೇನಾಯಿತು, ಮೊದಲು ಗೊತ್ತಿದೆ ಅಂದುಕೊಂಡಿದ್ದ, ಈಗ ಗೊತ್ತಿಲ್ಲವೆಂದು ಗೊತ್ತಾಯಿತಲ್ಲ ಎಂಬುದು ಸಾಕ್ರಟೀಸನ ಉತ್ತರ. ಮಕ್ಕಳಿಗೆ ದಾಟಿಸಬೇಕಾದದ್ದು ಇದನ್ನೇ ಎಂದು ನನಗೆ ಖಚಿತವಾಗಿದೆ.

ಉತ್ತರ ಇರುವುದು ಕರ್ಣದಲ್ಲಿ, ಅಂದರೆ ಚೌಕದ ಎದುರು ಮೂಲೆಗಳನ್ನು ಸೇರಿಸುವ ಗೆರೆಯಲ್ಲಿ. ಪುಸ್ತಕದಲ್ಲಿ ಅದನ್ನು ಎಳೆದು ತೋರಿಸುವವನು ಸಾಕ್ರಟೀಸನೇ. ಅಲ್ಲಿ ಅವನು ಅವಸರ ಮಾಡಿದ ಅಂತಲೇ ನನ್ನ ಅನಿಸಿಕೆ. ನಾನು ಚೌಕದ ಕಾಗದ ಹಂಚಿ ಕಾದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ನಾಲ್ಕೂ ಮೂಲೆಗಳನ್ನು ನಡುವಿಗೆ ಮಡಚಿದಳು. ‘ಈಗ ಅರ್ಧ ಆಯ್ತು ಮಿಸ್. ಬಿಚ್ಚಿದರೆ ದುಪ್ಪಟ್ಟು!’ ಮಡಚಿದ ಚೌಕದ ಕರ್ಣವನ್ನು ಬಿಚ್ಚಿದ ಕಾಗದದ ಬಾಹುವಿಗೆ ಹೊಂದಿಸಿ ನೋಡಿದೆವು. ಎರಡೂ ಒಂದೇ. ಕರ್ಣದ ಮೇಲೆ ಹಿಡಿದ ಹಗ್ಗ ದುಪ್ಪಟ್ಟು ಕ್ಷೇತ್ರ ಕೊಡುತ್ತದೆ ಎಂದು ಬೌಧಾಯನ ಶುಲ್ಬಸೂತ್ರ ಎಂಬ ನಮ್ಮ ಹಳೆಯ ಸಂಸ್ಕೃತ ಗ್ರಂಥವೂ ಹೇಳುತ್ತದೆ. ಅಲ್ಲಿ ಅದು ಯಜ್ಞವೇದಿ ಕಟ್ಟುವವರ ಲೆಕ್ಕ. ಅದನ್ನೂ ಹೇಳಿದೆ, ಯಾರು ಮೊದಲು ಎಂಬ ಜಗಳಕ್ಕೆ ಹೋಗಲಿಲ್ಲ.

ಕಥೆ ಹೇಳಿದ್ದು ಆಮೇಲೆ. ಕ್ರಿ.ಪೂ. 399ರಲ್ಲಿ, ಯುವಕರನ್ನು ಕೆಡಿಸಿದ, ನಗರದ ದೇವರನ್ನು ನಂಬಲಿಲ್ಲ ಎಂಬ ಆಪಾದನೆಯ ಮೇಲೆ ಅಥೆನ್ಸ್ ಸಾಕ್ರಟೀಸನಿಗೆ ವಿಷ ಕುಡಿಸಿತು ಎಂದಾಗ ಎಲ್ಲರೂ ಮಂಕಾದರು. ಒಬ್ಬ ಹುಡುಗನ ಮನಸ್ಸು ಮಾತ್ರ ಬೇರೆಲ್ಲೋ ಇತ್ತು. ‘ಮಿಸ್, ಆ ಗುಲಾಮ ಹುಡುಗನ ಹೆಸರೇನು?’

ಹೆಸರು ಕೊಟ್ಟಿಲ್ಲ ಅಂದೆ. ಉಳಿದ ಪೀರಿಯಡ್ ಪೂರ್ತಿ ಅದಕ್ಕೇ ಹೋಯಿತು. ಅಥೆನ್ಸಿನ ಸಭೆಯಲ್ಲಿ ಗುಲಾಮರಿಗೂ ಹೆಂಗಸರಿಗೂ ಮತವಿರಲಿಲ್ಲ. ಕೆಲವರು ಸ್ವಭಾವದಿಂದಲೇ ಗುಲಾಮರು ಎಂದು ಅರಿಸ್ಟಾಟಲ್ ವಾದಿಸಿದ. ಮಕ್ಕಳಿಂದ ಇದನ್ನು ಮುಚ್ಚಿಡಬಾರದು.

‘ಲೆಕ್ಕ ಬಂದ ಮೇಲೆ ಅವನನ್ನು ಬಿಟ್ಟರಾ?’

ಪುಸ್ತಕ ತೆರೆದು ಓದಿ ಹೇಳಿದೆ. ಲೆಕ್ಕ ಮುಗಿದೊಡನೆ ಸಾಕ್ರಟೀಸ್ ಮೆನೊ ಕಡೆ ತಿರುಗುತ್ತಾನೆ. ಹುಡುಗ ಮತ್ತೆ ಮಾತಾಡುವುದಿಲ್ಲ.